ಎಲ್ಲರೆದುರು ಬರೆದ ಪತ್ರ

ಮಾರಾಯಾ,

ವಾಟ್ಸಾಪ್‌ನಲ್ಲಿ ಬರೆದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಈ ಸಲ ಎಲ್ಲರೆದುರು ಬರೆಯುತ್ತಿದ್ದೇನೆ. ಮರ್ಯಾದೆಗೆ ಅಂಜಿಯಾದರೂ ಉತ್ತರ ಕೊಡು. ಛತ್ರಿ ವಿಷಯ ಎತ್ತುವುದಿಲ್ಲ, ಆಣೆ.

ಮೊನ್ನೆ ಮಾರ್ನಿಂಗ್ಟನ್ ಪೆನಿನ್ಸುಲಾ ಕಡೆ ಹೋಗಿದ್ದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ದಕ್ಷಿಣಕ್ಕೆ. ತುದಿಗೆ ಬಂದ ಹಾಗೆ ನೆಲ ಸಪೂರ ಆಗುತ್ತದೆ. ಸೊರೆಂಟೊ ಊರಲ್ಲಿ ಒಂದು ಬದಿಗೆ ಪೋರ್ಟ್ ಫಿಲಿಪ್ ಕೊಲ್ಲಿ, ಅಲೆಯೇ ಇಲ್ಲ ಅನ್ನಬೇಕು. ಇನ್ನೊಂದು ಬದಿಗೆ ಬಾಸ್ ಜಲಸಂಧಿಯ ಕಡಲು, ಯಾವಾಗಲೂ ಜಗಳಕ್ಕೆ ನಿಂತದ್ದು. ಇಲ್ಲಿಯವರು ಒಂದನ್ನು ಫ್ರಂಟ್ ಬೀಚ್, ಇನ್ನೊಂದನ್ನು ಬ್ಯಾಕ್ ಬೀಚ್ ಅನ್ನುತ್ತಾರೆ, ಜಗಲಿ, ಹಿತ್ತಿಲು ಅಂದ ಹಾಗೆ.

ಹಿತ್ತಿಲ ಕಡಲಿನ ಸೆಳೆತ ಸಾಮಾನ್ಯದ್ದಲ್ಲ. ಪೋರ್ಟ್‌ಸೀ ಹತ್ತಿರದ ಚೆವಿಯಟ್ ಬೀಚ್‌ನಲ್ಲಿ 1967ರ ಡಿಸೆಂಬರ್ 17ರಂದು ಆಗಿನ ಪ್ರಧಾನಿ ಹೆರಾಲ್ಡ್ ಹೋಲ್ಟ್ ಈಜಲು ಇಳಿದರು. ಮೇಲೆ ಬರಲೇ ಇಲ್ಲ, ದೇಹವೂ ಸಿಗಲಿಲ್ಲ. ಆಮೇಲೆ ಮೆಲ್ಬರ್ನ್‌ನ ಒಂದು ಈಜುಕೊಳಕ್ಕೆ ಅವರ ಹೆಸರಿಟ್ಟರು! ನೀನು ನಗುವುದು ಇಲ್ಲಿಗೆ ಕೇಳುತ್ತಿದೆ.

ಜಗಲಿ ಕಡೆ ಮರಳಿನ ಮೇಲೆ ಸಾಲಾಗಿ ಬಣ್ಣಬಣ್ಣದ ಮರದ ಗೂಡುಗಳು. ಬೇದಿಂಗ್ ಬಾಕ್ಸ್. ಹಿಂದೆ ಸ್ನಾನಕ್ಕೆ ಬಂದವರು ಬಟ್ಟೆ ಬದಲಿಸಲಿಕ್ಕೆ ಕಟ್ಟಿಕೊಂಡದ್ದು. ಪೆನಿನ್ಸುಲಾದಲ್ಲಿ ಸುಮಾರು 1,300 ಇವೆ. ನಮ್ಮಲ್ಲಿ ಬಲೆ ಇಡುವ ಶೆಡ್ಡು ಇದಕ್ಕಿಂತ ದೊಡ್ಡದು. ರಾತ್ರಿ ಮಲಗುವ ಹಾಗಿಲ್ಲ, ಕೆಳಗಿನ ನೆಲವೂ ಸರ್ಕಾರದ್ದು. ಆದರೂ ಲಕ್ಷಗಟ್ಟಲೆ ಡಾಲರ್ ಕೊಟ್ಟು ಕೊಳ್ಳುವವರಿದ್ದಾರೆ.

ಮೇಲಿನ ರಸ್ತೆಯಲ್ಲಿ ದೊಡ್ಡ ದೊಡ್ಡ ಮನೆಗಳು. ಡಿಸೆಂಬರ್, ಜನವರಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದ ಊರು ಇದು. ಈಗ ಜುಲೈ, ಚಳಿಗಾಲ. ಸಾಲು ಸಾಲು ಮನೆಗಳಿಗೆ ಬೀಗ. ಕಾಫಿ ಕೊಟ್ಟ ಹುಡುಗಿ ದಿನಾ ಫ್ರಾಂಕ್‌ಸ್ಟನ್‌ನಿಂದ ಬರುತ್ತಾಳೆ. ಇಲ್ಲಿ ಅವಳ ಸಂಬಳಕ್ಕೆ ಬಾಡಿಗೆ ಮನೆ ಸಿಗುವುದಿಲ್ಲವಂತೆ.

ನನಗೆ ಸಿಟ್ಟು ಬಂತು. ರಜೆಗೆ ಮಾತ್ರ ಬರುವವರಿಗೆ ಇಡೀ ಊರು ಯಾಕೆ ಅಂತ ಮನಸ್ಸಲ್ಲೇ ಭಾಷಣ ಬಿಗಿದೆ. ಅಷ್ಟರಲ್ಲಿ ನಿನ್ನ ಮೆಸೇಜು: 'ಗಾಳಿಗೆ ನಿಮ್ಮನೆ ಹೆಂಚು ಹಾರಿತ್ತು, ಸರಿ ಮಾಡಿಸಿದ್ದೇನೆ. ಕರೆಂಟ್ ಬಿಲ್ಲೂ ಕಟ್ಟಿದೆ.'

ಭಾಷಣ ಅಲ್ಲಿಗೇ ನಿಂತಿತು. ನಮ್ಮ ಓಣಿಯನ್ನೇ ನೋಡು. ಮುಂಬಯಿಯವರದ್ದು, ದುಬೈಯವರದ್ದು, ಬೆಂಗಳೂರಿನವರದ್ದು, ನನ್ನದು. ಸಂಜೆ ದೀಪ ಹಚ್ಚುವುದು ನಿಮ್ಮನೆಯಲ್ಲಿ ಮಾತ್ರ ಅಲ್ವಾ? ನಾನು ಬರುವುದು ಅಂಜಲ್ ಮೀನು ತಿನ್ನಲಿಕ್ಕೆ, ಯಕ್ಷಗಾನದ ಆಟ ನೋಡಲಿಕ್ಕೆ, ಮರವಂತೆಯಲ್ಲಿ ನಿಂತು ಫೋಟೊ ತೆಗೆಯಲಿಕ್ಕೆ. ಮಳೆಗಾಲದಲ್ಲಿ ಕಡಲು ದಡ ಕೊರೆಯುವಾಗ ಮರಳು ಚೀಲ ಹೊರುವವನು ನೀನು.

ಇನ್ನೊಂದಿದೆ. ಅಪ್ಪನ ಮನೆಗೆ ಒಳ್ಳೆ ರೇಟು ಬಂದಿದೆ, ಹೋಂಸ್ಟೇ ಮಾಡುವವರಿಂದ. ನಾನು ಬೇಡ ಅಂದಿಲ್ಲ. ನಿನಗೂ ಹೇಳಿಲ್ಲ. ನಿನ್ನ ಮೆಸೇಜು ಓದಿದಾಗ ಮೊದಲು ಅನ್ನಿಸಿದ್ದು, ಅವರು ನೋಡಲು ಬರುವ ಮೊದಲೇ ಹೆಂಚು ಸರಿಯಾಯಿತಲ್ಲ ಅಂತ. ಥ್ಯಾಂಕ್ಸ್ ಅನ್ನುವುದು ನೆನಪಾದದ್ದು ಆಮೇಲೆ.

ಅಯ್ಯೋ, ಇದನ್ನು ಇಲ್ಲಿ ಬರೆಯುವ ಅಂದಾಜೇ ಇರಲಿಲ್ಲ. ಅಕ್ಕ ಓದಿದರೆ ರಾತ್ರಿಯೇ ಫೋನು. ಹೆದರಬೇಡ. ಮನೆ ಮಾರಿದರೂ ಆ ದುಡ್ಡಿಗೆ ಇಲ್ಲಿ ಗೂಡಿನ ಬಾಗಿಲು ಬಂದರೆ ಹೆಚ್ಚು. ಬಂದರೆ ನಿನ್ನ ಕೋಳಿಗೂಡಿಗೆ ಕಳಿಸುತ್ತೇನೆ, ಕೋಳಿಗಳಿಗಾದರೂ ಫಾರಿನ್ ಯೋಗ ಬರಲಿ. ಹೆಂಚಿಗೆ ಎಷ್ಟಾಯಿತು ಹೇಳು. ನಿನ್ನ ಕಮಿಷನ್ ಸೇರಿಸಿಯೇ ಹೇಳುತ್ತೀಯ ಅಂತ ಗೊತ್ತು.

ಇಂತಿ,
ಎರಡನೇ ಬೆಂಚಿನವನು