ಬೋರಿನಲ್ಲಿ ಬಂದ ಹಸಿರು ಜೇಡಿ

ಡ್ಯುನೆಡಿನ್, ನ್ಯೂಜಿಲೆಂಡ್

ತೀರ್ಥರೂಪ ಅಪ್ಪಾಜಿಯವರಿಗೆ ಮಗಳ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ಕಪ್ಪತಗುಡ್ಡದ ಬುಡದ ನಮ್ಮ ಹೊಲದಲ್ಲಿ ಬೋರು ಕೊರೆಸುವಾಗ ಗಟ್ಟಿ ಕಲ್ಲಿನ ಕೆಳಗೆ ಹಸಿರು ಜೇಡಿ ಬಂದು, ಬೋರು ಕುಸಿದು, ಕೆಲಸ ಅರ್ಧಕ್ಕೆ ನಿಂತಿತೆಂದು ಬರೆದಿದ್ದೀರಿ. ಹಿಂದೆ ಅಲ್ಲಿ ಕೆರೆ ಇತ್ತೇ ಎಂದು ಕಾಕಾ ಕೇಳಿದ್ದಾರೆ. ಅದು ಕೆರೆಯ ಹೂಳಲ್ಲ. ಅಲ್ಲಿಯ ಕಲ್ಲೇ ಮಣ್ಣಾಗಿರಬೇಕು. ನಾನಿಲ್ಲಿ ಓದುತ್ತಿರುವುದೂ ಇದನ್ನೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಈ ದೇಶದ ದಕ್ಷಿಣ ದ್ವೀಪದ ಪಶ್ಚಿಮ ಅಂಚಿನಲ್ಲಿ ಆಲ್ಪೈನ್ ಫಾಲ್ಟ್ ಎಂಬ ಭೂಬಿರುಕು ನೂರಾರು ಕಿಲೋಮೀಟರ್ ಉದ್ದಕ್ಕೆ ಹಾಯ್ದಿದೆ. 1717ರಲ್ಲಿ ಅಲ್ಲಿ ದೊಡ್ಡ ಭೂಕಂಪವಾಗಿತ್ತು. ಗಾಂಟ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ ಆ ಬಿರುಕು ಕಣ್ಣಿಗೇ ಕಾಣುತ್ತದೆ. ಮೇಲೆ ನುಚ್ಚಾದ ತಿಳಿಹಸಿರು ಕಲ್ಲು, ಕೆಳಗೆ ಹೊಳೆ ತಂದು ಸುರಿದ ಉರುಟುಕಲ್ಲುಗಳ ರಾಶಿ, ನಡುವೆ ಜೇಡಿಯ ತೆಳು ಪಟ್ಟಿ. ಬಿರುಕಿನ ಎರಡು ಬದಿಯ ಬಂಡೆಗಳು ಸರಿದಾಡುವಾಗ ನಡುವಿನ ಕಲ್ಲು ಬೀಸುಕಲ್ಲಿಗೆ ಸಿಕ್ಕಂತೆ ಹಿಟ್ಟಾಗುತ್ತದೆ. ಆದರೆ ಜೋಳದ ಹಿಟ್ಟು ಜೋಳವಾಗಿಯೇ ಉಳಿಯುತ್ತದೆ, ಕಲ್ಲಿನ ಹಿಟ್ಟು ಹಾಗೆ ಉಳಿಯುವುದಿಲ್ಲ. ಪುಡಿಯಾದಷ್ಟೂ ಅದಕ್ಕೆ ನೀರು ತಾಗುವ ಮೈ ಹೆಚ್ಚುತ್ತದೆ. ಆ ನೀರು ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜದೊಳಗಿನ ಪೊಟ್ಯಾಸಿಯಂ, ಸೋಡಿಯಂಗಳನ್ನು ಕರಗಿಸಿ ಒಯ್ಯುತ್ತದೆ, ಉಳಿದ ಸಿಲಿಕಾ ಮತ್ತು ಅಲ್ಯುಮಿನಾ ನೀರಿನೊಡನೆ ಕೂಡಿ ಪದರ ಪದರವಾದ ಹೊಸ ಖನಿಜಗಳಾಗುತ್ತವೆ.

ಯಾವ ಜೇಡಿ ಹುಟ್ಟುತ್ತದೆ ಎಂಬುದು ಮೂಲ ಕಲ್ಲಿನ ಮೇಲೂ ಕಾವಿನ ಮೇಲೂ ನಿಂತಿದೆ. ಕಾವು ಕಡಿಮೆಯಿರುವಲ್ಲಿ ಸ್ಮೆಕ್ಟೈಟ್ ಎಂಬ, ನೀರು ಹೀರಿ ಉಬ್ಬುವ ಜೇಡಿ ಬರುತ್ತದೆ. ನಮ್ಮ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದೂ ಮಳೆಗೆ ಉಬ್ಬುವುದೂ ಇದರ ದೆಸೆಯಿಂದಲೇ. ಕಾವು 100 ಡಿಗ್ರಿ ಸೆಲ್ಸಿಯಸ್ ದಾಟಿ ಏರಿದಂತೆ, ಪೊಟ್ಯಾಸಿಯಂ ಸಿಕ್ಕರೆ, ಅದು ಇಲೈಟ್ ಎಂಬ ಉಬ್ಬದ ಜೇಡಿಯಾಗಿ ಮಾರ್ಪಡುತ್ತದೆ. ಇವೆರಡನ್ನು ಗುರುತಿಸಲು ಪ್ರಯೋಗಾಲಯದಲ್ಲಿ ತಿಳಿಯಾದ ಜೇಡಿಯನ್ನು ಗಾಜಿನ ಮೇಲೆ ಒಣಗಿಸಿ ಎಕ್ಸ್-ರೇ ಹಾಯಿಸುತ್ತೇವೆ, ಆಮೇಲೆ ಗ್ಲೈಕಾಲ್ ಆವಿಯಲ್ಲಿಟ್ಟು ಮತ್ತೆ ಹಾಯಿಸುತ್ತೇವೆ. ಸ್ಮೆಕ್ಟೈಟಿನ ಪದರಗಳ ಅಂತರ ಸುಮಾರು 17 ಆಂಗ್‌ಸ್ಟ್ರಾಮ್‌ಗೆ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಹಿಗ್ಗುತ್ತದೆ, ಇಲೈಟ್ ಮಾತ್ರ 10ರಲ್ಲೇ ಕದಲದೆ ನಿಲ್ಲುತ್ತದೆ. ಈ ಕೆಲಸದಲ್ಲಿ ನನಗೆ ಎಂದೂ ಬೇಸರ ಬಂದಿಲ್ಲ.

ಕ್ಯಾಲಿಫೋರ್ನಿಯಾದ ಸಾನ್ ಆಂಡ್ರಿಯಾಸ್ ಬಿರುಕಿನೊಳಗೆ ಎರಡೂವರೆ ಕಿಲೋಮೀಟರಿಗೂ ಆಳದಿಂದ 2007ರಲ್ಲಿ ತೆಗೆದ ಕಲ್ಲಿನಲ್ಲಿ ಸಪೊನೈಟ್ ಎಂಬ ಮೆಗ್ನೀಸಿಯಂಭರಿತ ಸ್ಮೆಕ್ಟೈಟ್ ಸಿಕ್ಕಿತು. ಅದು ಎಷ್ಟು ಜಾರು ಎಂದರೆ, ಆ ಭಾಗದಲ್ಲಿ ಬಂಡೆಗಳು ದೊಡ್ಡ ಭೂಕಂಪವಿಲ್ಲದೆ ಮೆಲ್ಲಗೆ ಸರಿಯುತ್ತಲೇ ಇವೆ.

ನಮ್ಮ ಗುಡ್ಡದ ಕಥೆ ಇದಕ್ಕಿಂತ ಬಹಳ ಹಳೆಯದು. ಆ ಕಲ್ಲುಗಳಿಗೆ 250 ಕೋಟಿ ವರ್ಷಗಳಿಗೂ ಮಿಕ್ಕಿ ವಯಸ್ಸಾಗಿದೆ. ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕಾಗಿ ಅಗೆದ ಬೆಣಚುಕಲ್ಲಿನ ಪಟ್ಟಿಗಳೂ ಬಂಡೆಗಳು ಹೀಗೆ ಸರಿದಾಡಿದ ಪಟ್ಟಿಗಳಲ್ಲೇ, ಅಂದರೆ ಶಿಯರ್ ವಲಯಗಳಲ್ಲೇ ಇವೆ. ಆದರೆ ಅಂದು ಆ ವಲಯಗಳು ಜೇಡಿ ಉಳಿಯಲಾರದಷ್ಟು ಕಾವಿನ ಆಳದಲ್ಲಿದ್ದುದರಿಂದ ಅಲ್ಲಿ ಹುಟ್ಟಿದ್ದು ಕ್ಲೋರೈಟ್ ಎಂಬ ಹಸಿರು ಖನಿಜ ಮತ್ತು ಹೊಳೆಯುವ ಅಭ್ರಕ. ಮೇಲಿನ ಕಲ್ಲು ಸವೆದು ಅವು ನೆಲಕ್ಕೆ ಸಮೀಪವಾದ ಮೇಲೆ ಮಳೆನೀರು ಅದೇ ಸಡಿಲ ದಾರಿ ಹಿಡಿದು ಇಳಿದು ಒಂದಿಷ್ಟನ್ನು ಜೇಡಿಯಾಗಿಸಿತು. ನಿಮಗೆ ಕಂಡ ಹಸಿರು ಕ್ಲೋರೈಟಿನದಿರಬೇಕೆಂದು ನನ್ನ ಊಹೆ.

ಇನ್ನು ಮುಂದಿನ ಮಾತು. ಜೇಡಿ ತುಂಬಿದ ನಡುಪಟ್ಟಿ ನೀರನ್ನು ಸುಲಭವಾಗಿ ಹಾಯಗೊಡುವುದಿಲ್ಲ. ಅದರ ಅಕ್ಕಪಕ್ಕದ ಒಡೆದ ಕಲ್ಲಿನ ಸಂದುಗಳಲ್ಲೇ ನೀರು ಸಿಗುವ ಸಂಭವ ಹೆಚ್ಚು. ಆದ್ದರಿಂದ ಅದೇ ತೂತಿಗೆ ಕೇಸಿಂಗ್ ಇಳಿಸಿ ಮತ್ತೆ ಹಣ ಸುರಿಯಬೇಡಿ. ಪಟ್ಟಿ ಯಾವ ದಿಕ್ಕಿಗೆ ಹೋಗಿದೆಯೆಂದು ಭೂಜಲ ತಜ್ಞರಿಂದ ನೋಡಿಸಿ, ಬದಿಗೆ ಸರಿದು ಹೊಸ ಪಾಯಿಂಟ್ ಹಾಕಿಸಿ. ಹೊರಬಂದ ಜೇಡಿಯ ಒಂದು ಹೆಂಟೆಯನ್ನು ತಮ್ಮನು ಚೆನ್ನಾಗಿ ಒಣಗಿಸಿ ಗಾಜಿನ ಲೋಟದ ನೀರಿಗೆ ಹಾಕಲಿ. ಅದು ಉಬ್ಬಿ ಬಿರಿದು ಕುಸಿಯುತ್ತದೆಯೋ, ಹಾಗೆಯೇ ಕುಳಿತಿರುತ್ತದೆಯೋ ಎಂದು ತಿಳಿಸಿದರೆ ಸ್ಮೆಕ್ಟೈಟ್ ಎಷ್ಟಿರಬಹುದೆಂದು ಅಂದಾಜು ಮಾಡಿ ಬರೆಯುತ್ತೇನೆ. ಅವ್ವನಿಗೆ, ಕಾಕಾನವರಿಗೆ ನಮಸ್ಕಾರಗಳನ್ನು ತಿಳಿಸಿರಿ.

ನಿಮ್ಮ ಮಗಳು