ಮೆಸ್ ಅಣ್ಣನ ಲೆಕ್ಕದ ಪುಸ್ತಕ

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿದವರು, ಮೆಸೇಜ್ ಹಾಕಿದವರು ತುಂಬಾ ಜನ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋಕೆ ಆಗಲಿಲ್ಲ, ಅದಕ್ಕೇ ಇದು. ಸ್ವಲ್ಪ ಉದ್ದ ಆಗಬಹುದು. ಸಾಲ ಜಾಸ್ತಿ ಇದೆ.

ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ. ನಮ್ಮ ಪೋಡಿನಲ್ಲಿ, ಅಂದರೆ ಹಾಡಿಯಲ್ಲಿ, ಅವ್ವನ ವಾರಿಗೆಯವರು ಸ್ಲೇಟು ಹಿಡಿದದ್ದೇ ಕಮ್ಮಿ. 1981ರಲ್ಲಿ ಡಾಕ್ಟರ್ ಸುದರ್ಶನ್ ಅವರು ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಅವರ ಶಾಲೆ ಇರದಿದ್ದರೆ ನಾನೂ ಇವತ್ತು ಅವ್ವನ ಜೊತೆ ಕಾಡಲ್ಲಿ ಪಾಸೆ, ಅಂದರೆ ಕಲ್ಲುಹೂವು, ಬಿಡಿಸುತ್ತಿದ್ದೆ. ಅದೇನು ಕೀಳು ಕೆಲಸ ಅಲ್ಲ. ಕಾಲೇಜಿನ ಬಸ್ ಚಾರ್ಜು ಬಂದದ್ದು ಆ ಪಾಸೆಯಿಂದಲೇ.

ಡಿಗ್ರಿ, ಎಂಎಸ್ಸಿ ಎರಡೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಆಯಿತು. ಆಮೇಲೆ ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಫೆಲೋಶಿಪ್ ಸಿಕ್ಕಿತು. ವರ್ಷಕ್ಕೆ 750 ಜನರಿಗೆ, ಹೆಚ್ಚೆಂದರೆ 5 ವರ್ಷ. 2011ರ ಜನಗಣತಿಯಲ್ಲಿ ದೇಶದ ಪರಿಶಿಷ್ಟ ಪಂಗಡದವರು 10 ಕೋಟಿ ದಾಟಿದ್ದರು. ಅವರೆಲ್ಲರಿಗೂ ಸೇರಿ 750. ಪಟ್ಟಿಯಲ್ಲಿ ನನ್ನ ಹೆಸರು ನೋಡಿದ ದಿನ ಮೊಬೈಲ್ ಸ್ಕ್ರೀನನ್ನು ಮೂರು ಸಲ ದೊಡ್ಡದು ಮಾಡಿ ನೋಡಿದ್ದೆ.

‘ಸರ್ಕಾರ ದುಡ್ಡು ಕೊಡುತ್ತಲ್ಲಾ, ನಿಮಗೇನು ಕಷ್ಟ?’ ಅಂತ ಕೇಳುವವರಿಗೆ ಒಂದು ಮಾತು. ನನ್ನ ಜಾತಿ ಪ್ರಮಾಣಪತ್ರದಲ್ಲಿ ‘ಸೋಲಿಗರು’ ಅಂತ ಇದೆ. ವಿಶ್ವವಿದ್ಯಾಲಯದ ದಾಖಲೆಯಲ್ಲಿ ಯಾರೋ ‘ಶೋಲಗ’ ಅಂತ ಹೊಡೆದಿದ್ದರು. ಸರ್ಕಾರದ ಪಟ್ಟಿಯಲ್ಲಿ ಎರಡೂ ಹೆಸರು ಬೇರೆ ಬೇರೆ ಇವೆ. ಅಷ್ಟು ಸಾಕಾಯಿತು. ಎರಡನೇ ವರ್ಷ ಎಂಟು ತಿಂಗಳು ಒಂದು ರೂಪಾಯಿ ಬರಲಿಲ್ಲ. ನಾಡಕಚೇರಿಗೆ ಹೋದರೆ ‘ನಮ್ಮದು ಸರಿಯಾಗೇ ಇದೆಯಲ್ಲಮ್ಮ’ ಅಂದರು. ನಿಜ, ಅವರದು ಸರಿಯಾಗೇ ಇತ್ತು. ವಿಶ್ವವಿದ್ಯಾಲಯದ ಸೆಕ್ಷನ್ನಿನಲ್ಲಿ ‘ನಾಳೆ ಬಾ’ ಅಂದರು. ಆ ನಾಳೆಗಳನ್ನು ಎಣಿಸಿದ್ದರೆ ಇನ್ನೊಂದು ಥೀಸಿಸ್ ಆಗುತ್ತಿತ್ತು.

ಆ ಎಂಟು ತಿಂಗಳು ನನಗೆ ಊಟ ಹಾಕಿದ್ದು ಹಾಸ್ಟೆಲ್ ಮೆಸ್ ಅಣ್ಣ. ಅವರದೊಂದು ಉದ್ದನೆಯ ಲೆಕ್ಕದ ಪುಸ್ತಕ, ರಟ್ಟಿನ ಮೂಲೆಯೆಲ್ಲ ಎಣ್ಣೆ ಕಲೆ. ಅದರಲ್ಲಿ ನನ್ನ ಹೆಸರಿರಲಿಲ್ಲ, ‘ಬೆಟ್ಟದ ಹುಡುಗಿ’ ಅಂತ ಬರೆದಿದ್ದರು. ತಿಂಗಳು ಮುಗಿದಾಗ ನಾನು ತಲೆ ತಗ್ಗಿಸಿಕೊಂಡು ಹೋದರೆ ಸುಮ್ನೆ ಹಾಳೆ ಮಗುಚುತ್ತಿದ್ದರು. ಒಂದು ದಿನವೂ ಕೇಳಲಿಲ್ಲ. ಕೊನೆಗೆ ಬಾಕಿಯೆಲ್ಲ ಒಟ್ಟಿಗೆ ಜಮಾ ಆದಾಗ ಓಡಿಹೋಗಿ ಕೊಟ್ಟೆ. ಎರಡು ಸಲ ಎಣಿಸಿ, ಸ್ವಲ್ಪ ವಾಪಸ್ ಕೊಟ್ಟರು. ‘ಜ್ವರ ಬಂದಾಗ ಹನ್ನೊಂದು ದಿನ ನೀನು ಉಂಡಿಲ್ಲ ಕಣಮ್ಮ’ ಅಂದರು. ನನಗೇ ನೆನಪಿರಲಿಲ್ಲ.

ಅಣ್ಣಾ, ಮೊದಲ ಥ್ಯಾಂಕ್ಸ್ ನಿಮಗೆ. ಫೆಲೋಶಿಪ್ ನನ್ನ ಹಕ್ಕು, ಅದಕ್ಕೆ ನಾನು ಯಾರಿಗೂ ಕೈ ಮುಗಿಯುವುದಿಲ್ಲ. ನೀವು ಹಾಕಿದ ಊಟ ಹಕ್ಕಲ್ಲ.

ನಮ್ಮ ಗೈಡ್ ಮೇಡಂ ಆ ಹೆಸರು ತಿದ್ದಿಸೋಕೆ ನನ್ನ ಜೊತೆ ತಾವೇ ನಾಲ್ಕು ಸಲ ಮೆಟ್ಟಿಲು ಹತ್ತಿದರು, ಮಂಡಿನೋವಿದ್ದರೂ. ರೂಮ್‌ಮೇಟ್ ತನ್ನ ಲ್ಯಾಪ್‌ಟಾಪ್ ರಾತ್ರಿ ನನಗೆ ಬಿಟ್ಟು, ತನ್ನ ಕೆಲಸ ಬೆಳಿಗ್ಗೆ ಮಾಡಿಕೊಂಡಳು. ಇಬ್ಬರಿಗೂ ಹೆಸರು ಹಾಕಿದರೆ ಕೋಪ ಬರುತ್ತೆ, ಹಾಕುವುದಿಲ್ಲ.

ಇನ್ನು ತಾತ. ನನ್ನ ಥೀಸಿಸ್ ತರಗು ಬೆಂಕಿಯ ಮೇಲೆ. ಎಲೆ ಉದುರಿದ ಮೇಲೆ, ಕಾಡಿನ ತೇವ ಪೂರ್ತಿ ಆರುವ ಮುಂಚೆ ನಮ್ಮವರು ಹಾಕುತ್ತಿದ್ದ ಸಣ್ಣ ಬೆಂಕಿ ಅದು. ತರಗು ಮಾತ್ರ ಸುಡುತ್ತಿತ್ತು, ಮರ ಉಳಿಯುತ್ತಿತ್ತು. 1974ರಲ್ಲಿ ನಮ್ಮ ಕಾಡು ಅಭಯಾರಣ್ಯ ಆದಮೇಲೆ ಅದು ನಿಂತುಹೋಯಿತು. ಈಗ ಎಲ್ಲಿ ನೋಡಿದರೂ ಲಂಟಾನ ಅನ್ನೋ ಕಳೆಗಿಡ. ನೆಲ್ಲಿ ಮರದ ಮೇಲೆ ಉಪ್ಪಿಲು, ಅಂದರೆ ಬಂದಳಿಕೆ, ಕೂತು ಕೊಂಬೆ ಒಣಗಿಸುತ್ತಿದೆ. ಬೆಂಕಿ ನಿಂತರೆ ಇವೆರಡೂ ಹೆಚ್ಚುತ್ತವೆ ಅಂತ ತಾತ ಓದು ಬರಹ ಇಲ್ಲದೆ ಹೇಳುತ್ತಿದ್ದರು. ನಾನು ಪ್ಲಾಟ್ ಹಾಕಿ, ಗಿಡ ಎಣಿಸಿ, ಗ್ರಾಫ್ ಬರೆದೆ. ಥೀಸಿಸ್ ಸಲ್ಲಿಸುವ ಮುಂಚೆಯೇ ತಾತ ಹೋದರು.

ವೈವಾಕ್ಕೆ ಅವ್ವ ಬಂದಿದ್ದಳು. ಹಿಂದಿನ ಸಾಲಲ್ಲಿ ಸೆರಗು ಹೊದ್ದು ಕೂತಿದ್ದಳು. ಪರದೆ ಮೇಲೆ ಉಪ್ಪಿಲು ಹತ್ತಿದ ನೆಲ್ಲಿ ಮರದ ಚಿತ್ರ ಬಂದಾಗ ಪಕ್ಕದವರಿಗೆ ಕೇಳುವಂತೆಯೇ ಅಂದಳಂತೆ: ‘ಇದ ಹೇಳಕ್ಕೆ ಐದು ವರ್ಷ ಬೇಕಾಯ್ತಾ?’ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ ಯಾವ ಪ್ರಶ್ನೆಯೂ ಅಷ್ಟು ಕಷ್ಟದ್ದಾಗಿರಲಿಲ್ಲ.

ಮುಂದಿನ ತಿಂಗಳಿಂದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಭಾನುವಾರ ಬೆಟ್ಟದಲ್ಲೇ ಇರುತ್ತೇನೆ, ಅರ್ಜಿ ತುಂಬೋಕೆ ನಮ್ಮ ಹುಡುಗ ಹುಡುಗಿಯರು ಬರಬಹುದು. ಫೆಲೋಶಿಪ್‌ಗೆ ಆಯ್ಕೆ ಎಂಎಸ್ಸಿ, ಎಂಎ ಅಂಕದ ಮೇಲೆ, ನೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಪಾಸಾಗಿಲ್ಲ ಅಂತ ಹಿಂಜರಿಯಬೇಡಿ. ಹೊರದೇಶದಲ್ಲಿ ಓದೋಕೆ ಬೇರೆ ಯೋಜನೆ ಇದೆ. ಇಡೀ ದೇಶಕ್ಕೆ ವರ್ಷಕ್ಕೆ ಬರೀ 20 ಸೀಟು, ಅದರಲ್ಲಿ 3 ತೀರಾ ಹಿಂದುಳಿದ ಬುಡಕಟ್ಟುಗಳಿಗೆ. ನಮ್ಮ ರಾಜ್ಯದಲ್ಲಿ ಜೇನುಕುರುಬರು, ಕೊರಗರು ಆ ಲೆಕ್ಕಕ್ಕೆ ಬರುತ್ತಾರೆ, ಅವರ ಮಕ್ಕಳಿಗೆ ಇದನ್ನು ತಲುಪಿಸಿ. ಅರ್ಜಿ ತುಂಬೋಕೆ ಬರುವವರು ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಎಲ್ಲ ಮಾರ್ಕ್ಸ್ ಕಾರ್ಡ್ ತನ್ನಿ. ಬರುವ ಮುಂಚೆ ಎಲ್ಲದರಲ್ಲೂ ಜಾತಿಯ ಹೆಸರಿನ ಅಕ್ಷರ ಒಂದೇ ಇದೆಯಾ ನೋಡಿಕೊಳ್ಳಿ.