ಅಮ್ಮ, ಮೂಗಿನ ಚಿಂತೆ ಬಿಡು

ಬರ್ಲಿನ್, ಭಾನುವಾರ

ಪ್ರೀತಿಯ ಅಮ್ಮ,

ನಮಸ್ಕಾರ. ನಾನು ಕ್ಷೇಮ. ಅಪ್ಪ, ಅಜ್ಜಿ, ಪುಟ್ಟಿ ಎಲ್ಲ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ.

ನಿನ್ನ ಕಾಗದ ಶುಕ್ರವಾರ ಬಂತು. "ಫೋಟೋದಲ್ಲಿ ಮೂಗು ಇನ್ನೂ ಸೊಟ್ಟಗೇ ಇದೆ, ಅಷ್ಟು ನೋವು ತಿಂದು ಏನು ಬಂತು" ಅಂತ ಬರೆದಿದ್ದೀಯ. ಅಮ್ಮ, ಅದು ಮೂಗಿನ ಆಪರೇಷನ್ ಆದ ಎಂಟನೇ ದಿನದ ಫೋಟೋ. ಮುಖವೆಲ್ಲ ಊದಿತ್ತು, ಕಣ್ಣ ಕೆಳಗೆ ರಕ್ತ ಹೆಪ್ಪುಗಟ್ಟಿ ನೀಲಿಯಾಗಿತ್ತು. ಕಳಿಸಬಾರದಿತ್ತು. ಬಾವು ಪೂರ್ತಿ ಇಳಿಯೋಕೆ ಒಂದು ವರ್ಷವೇ ಬೇಕಾಗಬಹುದು, ತುದಿಯದು ಎಲ್ಲಕ್ಕಿಂತ ಕೊನೆಗೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಈಗ ಆಗಿರೋದು ಐದೇ ವಾರ.

ನಿನ್ನ ಹತ್ತಿರ ಮುಚ್ಚುಮರೆ ಯಾಕೆ, ಬಾವು ಇಳಿದ ಮೇಲೂ ಕೂದಲೆಳೆಯಷ್ಟು ವಾಲು ಉಳಿಯಬಹುದು. ಆ ಕ್ರಿಕೆಟ್ ಚೆಂಡು ಬಡಿದಾಗಿನಿಂದ ನಡುವಿನ ಮೆತ್ತನೆ ಎಲುಬು ಬಾಗಿಯೇ ಬೆಳೆದಿದೆ. ನೆಟ್ಟಗೆ ಮಾಡಿದರೂ ಹಳೇ ಕಡೆಗೇ ಎಳೆಯುತ್ತದಂತೆ. ಅದಕ್ಕೇ ಅದೇ ಎಲುಬಿನ ಸಣ್ಣ ಪಟ್ಟಿಗಳನ್ನು ಆಸರೆಗೆ ಇಟ್ಟು ಹೊಲಿದಿದ್ದಾರೆ. ನನಗೆ ಇಷ್ಟು ಸಾಕಮ್ಮ.

ಏಳನೇ ದಿನ ಹೊಲಿಗೆ ಕತ್ತರಿಸಿ, ಒಳಗಿದ್ದ ಎರಡು ಸಿಲಿಕೋನ್ ಹಾಳೆಗಳನ್ನು ಎಳೆದರು. ಕಣ್ಣಲ್ಲಿ ನೀರು ಬಂತು. ಆಮೇಲೆ ಎಡ ಹೊಳ್ಳೆಯಿಂದ ಗಾಳಿ ತಣ್ಣಗೆ ಗಂಟಲವರೆಗೆ ಹೋಯಿತು. ಹದಿನೇಳು ವರ್ಷ ಆ ಕಡೆ ಗಾಳಿ ಆಡಿರಲಿಲ್ಲ. ಮೊನ್ನೆ ನೀನು ಕಳಿಸಿದ ಸಾರಿನ ಪುಡಿ ಡಬ್ಬ ತೆಗೆದರೆ ಇಂಗು ಬೇರೆ, ಮೆಂತ್ಯ ಬೇರೆ ಅಂತ ಗೊತ್ತಾಯಿತು. ರಾತ್ರಿ ಬಾಯಿ ಮುಚ್ಚಿ ಮಲಗುತ್ತೇನೆ. ಅಜ್ಜಿ ನಡುರಾತ್ರಿ ಎದ್ದು ನನ್ನ ಗಲ್ಲ ಮೇಲಕ್ಕೆ ಒತ್ತುತ್ತಿದ್ದರಲ್ವಾ, ಅವರಿಗೇ ಮೊದಲು ಹೇಳು.

ಇಲ್ಲಿ ಸಮಾಧಾನವನ್ನೂ ಅಳೆಯುತ್ತಾರೆ. ಒಂದು ಹಾಳೆಯಲ್ಲಿ 5 ಪ್ರಶ್ನೆ: ಮೂಗು ಕಟ್ಟುತ್ತದಾ, ನಿದ್ದೆಗೆ ತೊಂದರೆಯಾ, ಮೈ ದಣಿದಾಗ ಗಾಳಿ ಸಾಲುತ್ತದಾ, ಹೀಗೆ. ಒಂದೊಂದಕ್ಕೂ 0ಯಿಂದ 4. ಕೂಡಿ ಐದರಿಂದ ಗುಣಿಸಿದರೆ 100ಕ್ಕೆ ಲೆಕ್ಕ. ಅಂಕ ಜಾಸ್ತಿ ಬಂದಷ್ಟೂ ಕಷ್ಟ ಜಾಸ್ತಿ. ಆಪರೇಷನ್ನಿಗೆ ಮುಂಚೆ ನನಗೆ 80 ಬಂದಿತ್ತು, ಮೊನ್ನೆ 20. ನೋಟಕ್ಕೆ ಬೇರೆ ಹಾಳೆ. ಮತ್ತೆ ಆಪರೇಷನ್ ಬೇಕಾ ಅಂತ ಅದರಲ್ಲಿ ಕೇಳಿದ್ದರು. ಬೇಡ ಅಂತ ಗುರುತು ಹಾಕಿದೆ.

ದುಡ್ಡಿನ ಯೋಚನೆಯೂ ಬೇಡ. ಉಸಿರಾಟದ ತೊಂದರೆ ಅಂತ ವಿಮೆಯವರೇ ಕೊಟ್ಟರು, ನಾನು ಕಟ್ಟಿದ್ದು ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೋ. ಸಂಜೆ ಆರಕ್ಕೇ ತಣ್ಣನೆ ಬ್ರೆಡ್ಡು, ಚೀಸು. ರಾತ್ರಿಯ ಊಟ ಅಂದರೆ ಇವರಿಗೆ ಅದೇ. ಆದರೆ ಮೂಗಿನ ಕೆಲಸಕ್ಕೆ ಇದು ಹೆಸರಾದ ಊರು ಅಂತ ಅಪ್ಪನಿಗೆ ಹೇಳು. 1898ರಲ್ಲೇ ಜಾಕ್ ಜೋಸೆಫ್ ಎಂಬ ಡಾಕ್ಟರು ಇಲ್ಲಿ ಮೂಗಿನ ಆಪರೇಷನ್ ಮಾಡಿ ತೋರಿಸಿದ್ದರು. ಜನ ಅವರನ್ನು ಮೂಗಿನ ಜೋಸೆಫ್ ಅಂತಲೇ ಕರೆಯುತ್ತಿದ್ದರಂತೆ.

ಹಾಸನದ ಸಂಬಂಧದವರು ಫೋಟೋ ಕೇಳಿದರೆ ಹಳೇದನ್ನೇ ಕೊಡು, ಆಪರೇಷನ್ ಆಗಿರುವುದನ್ನೂ ಹೇಳು. ಮುಚ್ಚಿಡೋದು ಬೇಡ. ನನಗೆ ನೋವಿಲ್ಲ, ಜ್ವರವಿಲ್ಲ, ರಕ್ತ ಬರುತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ. ನಿಜವಾಗಿಯೂ ಚೆನ್ನಾಗಿದ್ದೇನಮ್ಮ.

ಬಟ್ಟೆ ಒಗೆಯೋ ಮಷೀನಿನ ಸರದಿ ಬಂತು, ಕೆಳಗೆ ಓಡಬೇಕು. ನೀನು ಬಿಪಿ ಮಾತ್ರೆ ಬಿಡಬೇಡ.

ನಿನ್ನ ಮಗ,
ರವಿ